ಮಗಳ ಕೋಣೆಯ ಗೋಧಿಹುಲ್ಲು

ಅವಳಿಗೆ ಕಲೆಯಕ್ಕ ಎಂದು ಹೆಸರಿಟ್ಟವಳು ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಮೇಜಿನ ಹೆಂಗಸು. ಹೊಸದಾಗಿ ಈ ಪರದೇಶಕ್ಕೆ ಬಂದು ಕೆಲಸಕ್ಕೆ ಸೇರಿದ ನಮ್ಮ ಕಡೆಯವರು ಆ ಹೆಸರು ಕೇಳಿ, ಚಿತ್ರಗಿತ್ರ ಬರೆಯುತ್ತಾಳೇನೋ ಅಂದುಕೊಳ್ಳುತ್ತಿದ್ದರು. ಆಮೇಲೆ ಅವಳ ಮೇಜು ನೋಡಿ ನಗುತ್ತಿದ್ದರು. ಅದು ಗಾಜಿನ ಮೇಜು. ಗಾಜಿನ ಕೆಳಗೆ ನಾಲ್ಕು ಟ್ಯೂಬ್‌ಲೈಟು. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಬಂದ ಹಾಸಿಗೆಯ ಬಟ್ಟೆಗಳು ಒಗೆದು, ಒಣಗಿ, ಬಿಸಿ ರೋಲರಿನ ಕೆಳಗೆ ನುಗ್ಗಿ ಆ ಗಾಜಿನ ಮೇಲೆ ಹಾದು ಹೋಗುತ್ತಿದ್ದವು. ಚಹಾ, ರಕ್ತ, ತುಕ್ಕು, ತುಟಿಯ ಬಣ್ಣ, ಏನಾದರೊಂದರ ಕಲೆ ಉಳಿದಿದ್ದರೆ ಹಿಡಿದು ಪಕ್ಕದ ತೊಟ್ಟಿಗೆ ಎಸೆಯುವುದು ಅವಳ ಕೆಲಸ. ಒಂಬತ್ತು ವರ್ಷಗಳಲ್ಲಿ ಅವಳ ಕಣ್ಣು ತಪ್ಪಿಸಿಕೊಂಡು ಹೋದ ಕಲೆ ಕಡಿಮೆ.

ಆ ಕಣ್ಣು ಮನೆಗೆ ಬಂದ ಮೇಲೂ ರಜೆ ಹಾಕುತ್ತಿರಲಿಲ್ಲ. ಹಾಲಿನ ಡಬ್ಬಿಯ ತಾರೀಖನ್ನು ಅಂಗಡಿಯಲ್ಲೊಮ್ಮೆ, ಮನೆಯಲ್ಲೊಮ್ಮೆ ಓದಬೇಕು. ಬೀಗ ಹಾಕಿದ ಮೇಲೆ ಬಾಗಿಲನ್ನು ಮೂರು ಸಲ ಜಗ್ಗಬೇಕು. ಪಕ್ಕದ ಮನೆಯಾಕೆ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ಗಂಡ ತಮಾಷೆ ಮಾಡುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. "ಸಿಕ್ಕಿದ ದಿನ ನಿಮ್ಮ ಹಲ್ಲು ಉಳಿಯುತ್ತಲ್ಲ, ಆವಾಗ ನೆನಪಿಸ್ಕೊಳ್ಳಿ," ಅನ್ನುತ್ತಿದ್ದಳು.

ಗಂಡ ಲಿಫ್ಟ್ ರಿಪೇರಿಯವನು. ಮೆತ್ತಗಿನ ಮನುಷ್ಯ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಹೇಳಿದ ಸುಳ್ಳುಗಳನ್ನೆಲ್ಲ ಅವಳು ಹಿಡಿದಿದ್ದಳು. ಹಿಡಿಯುವುದು ಕಷ್ಟವೂ ಆಗಿರಲಿಲ್ಲ. ನಿಜ ಹೇಳುವಾಗ ಅವನಿಗೆ ನಾಲ್ಕು ಮಾತು ಸಾಕು. ಸುಳ್ಳು ಹೇಳುವಾಗ ಮಾತು ಹನುಮಂತನ ಬಾಲದಂತೆ ಬೆಳೆಯುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಅವನು ಹತ್ತು ಕಿಲೋ ಗೋಧಿಯ ಚೀಲ ಹೊತ್ತು ಮನೆಗೆ ಬಂದ.

"ಇಷ್ಟು ಗೋಧಿ ಯಾಕೆ? ಇಲ್ಲೇನು ಗಿರಣಿ ಇದೆಯಾ?" ಎಂದಳು.

"ಹುಲ್ಲು ಬೆಳೆಸೋಣ ಅಂತ. ಗೋಧಿಹುಲ್ಲು. ರಸ ತೆಗೆದು ಕುಡಿದ್ರೆ ರಕ್ತಕ್ಕೆ ಒಳ್ಳೇದಂತೆ. ನಮ್ಮ ಕೆಲಸದಲ್ಲಿ ಒಬ್ಬ ಕುಡೀತಾನೆ, ಅವನಿಗೆ ಮೊದಲು ಸುಸ್ತಾಗ್ತಿತ್ತಂತೆ, ಈಗ ಹನ್ನೆರಡು ಮಹಡಿ ಮೆಟ್ಟಿಲು ಹತ್ತುತಾನೆ. ಅವನ ಹೆಂಡ್ತೀನೂ ಕುಡೀತಾಳಂತೆ, ಅವಳ ಅಮ್ಮನೂ..."

ಮಾತು ಉದ್ದವಾಯಿತು. ಕಲೆಯಕ್ಕ ಚೀಲದ ಮೇಲಿನ ಅಕ್ಷರ ಓದತೊಡಗಿದಳು. ಔಷಧಿ ಬಳಿಯದ ಬೀಜ ಎಂದು ಬರೆದಿತ್ತು. ಗಂಡ ತಾನಾಗಿಯೇ ಇಷ್ಟು ನೋಡಿ ತರುವವನಲ್ಲ. ಬಟಾಣಿ ತನ್ನಿ ಅಂದರೆ ಕಡಲೆ ತರುವವನು. ಯಾರೋ ಹೇಳಿ ಕಳಿಸಿದ್ದಾರೆ.

ಮಗಳು ಬೇರೆ ಊರಿನ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದಳು. ಅವಳ ಕೋಣೆಯ ಕಿಟಕಿಗೆ ಬೆಳಗಿನ ಬಿಸಿಲು ಬೀಳುತ್ತಿತ್ತು. ಗಂಡ ಅಲ್ಲಿ ಅವಳ ಓದುವ ಮೇಜನ್ನು ಕಿಟಕಿಗೆ ಒತ್ತರಿಸಿ, ಮೇಲೆ ಪ್ಲಾಸ್ಟಿಕ್ ಹಾಸಿ, ಆರು ಟ್ರೇ ಜೋಡಿಸಿದ. ಗೋಧಿ ರಾತ್ರಿಯಿಡೀ ನೆನೆಯಬೇಕು, ಮರುದಿನ ನೀರು ಬಸಿದು ಮುಚ್ಚಿಡಬೇಕು. ಬಿಳಿ ಮೂತಿ ಹೊರಗೆ ಬಂದ ಮೇಲೆ ಟ್ರೇಯಲ್ಲಿ ಬೆರಳುದ್ದ ಮಣ್ಣು ಹಾಕಿ, ಕಾಳಿಗೆ ಕಾಳು ತಾಗುವ ಹಾಗೆ ಹರಡಿ, ಒದ್ದೆ ಬಟ್ಟೆ ಹೊದಿಸಿ ಎರಡು ದಿನ ಕತ್ತಲಲ್ಲಿಡಬೇಕು. ಇಷ್ಟನ್ನೂ ಅವನು ತಪ್ಪಿಲ್ಲದೆ ಮಾಡಿದ. ತನ್ನ ಕಾಲುಚೀಲ ಎಲ್ಲಿದೆ ಎಂದು ದಿನಾ ಹೆಂಡತಿಯನ್ನು ಕೇಳುವ ಗಂಡಸು ಪ್ರತಿ ಟ್ರೇಗೂ ಟೇಪು ಅಂಟಿಸಿ ತಾರೀಖು ಬರೆದ.

ಬಟ್ಟೆ ತೆಗೆದ ದಿನ ಬೇರುಗಳ ಸುತ್ತ ಹತ್ತಿಯಂಥ ಬಿಳಿ ನವಿರು ಕಂಡಿತು.

"ಬೂಷ್ಟು ಹಿಡಿದಿದೆ. ಬಿಸಾಕಿ," ಎಂದಳು ಅವಳು.

"ಬೂಷ್ಟಲ್ಲ, ಬೇರಿನ ಕೂದಲು. ನೀರು ಚಿಮುಕಿಸಿದ್ರೆ ಕಾಣಲ್ಲ ನೋಡು. ಬೂಷ್ಟಾದ್ರೆ ಹಾಗೇ ಇರುತ್ತೆ, ವಾಸನೆ ಬರುತ್ತೆ."

ಅವನು ನೀರು ಚಿಮುಕಿಸಿದ. ನವಿರು ಮಾಯವಾಯಿತು. ಅವಳು ಬಗ್ಗಿ ಮೂಸಿದಳು. ಹಸಿಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಅದೇ ಅವಳ ಮನಸ್ಸಿಗೆ ಚುಚ್ಚಿತು. ಇವನಿಗೆ ಇದನ್ನೆಲ್ಲ ಇಷ್ಟು ಚೆನ್ನಾಗಿ ಹೇಳಿಕೊಟ್ಟವರು ಯಾರು?

ಒಂಬತ್ತನೆಯ ದಿನಕ್ಕೆ ಹುಲ್ಲು ಗೇಣುದ್ದವಾಯಿತು. ಅಡುಗೆಮನೆಯ ಕಟ್ಟೆಗೆ ತಿರುಪಿನಿಂದ ಬಿಗಿಯುವ, ಹಿಡಿ ತಿರುಗಿಸುವ ಕಬ್ಬಿಣದ ಯಂತ್ರವೊಂದು ಬಂತು. ಬೆಳಗ್ಗೆ ಐದಕ್ಕೆ ಎದ್ದು, ಕತ್ತರಿಯಿಂದ ಹುಲ್ಲನ್ನು ಬುಡದ ಮೇಲೆ ಕತ್ತರಿಸಿ, ತೊಳೆದು, ಸ್ವಲ್ಪ ಸ್ವಲ್ಪವೇ ಯಂತ್ರದ ಬಾಯಿಗೆ ತುರುಕಿ ಅವನು ಹಿಡಿ ತಿರುಗಿಸುತ್ತಿದ್ದ. ಒಂದು ಕಡೆಯಿಂದ ಹಿಪ್ಪೆ, ಇನ್ನೊಂದು ಕಡೆಯಿಂದ ಕಡುಹಸಿರು ರಸ, ಮೇಲೆ ನೊರೆ. ಒಂದು ಕೈ ತುಂಬ ಹುಲ್ಲಿಗೆ ಎರಡು ಚಮಚ ರಸ ಬಂದರೆ ಪುಣ್ಯ. ಮನೆಯೆಲ್ಲ ಹುಲ್ಲುಗಾವಲಿನ ವಾಸನೆ.

"ನಮ್ಮಪ್ಪನ ಮನೆ ಎಮ್ಮೆಗೆ ಹಾಕಿದ್ರೆ ಹಾಲಾದ್ರೂ ಕೊಡ್ತಿತ್ತು," ಎಂದಳು.

ಅವನು ನಕ್ಕ. ಆದರೆ ಕುಡಿಯಲಿಲ್ಲ. ರಸವನ್ನು ಪುಟ್ಟ ಸ್ಟೀಲ್ ಬಾಟಲಿಗೆ ಸೋಸಿ, ಐಸ್ ಚೀಲದಲ್ಲಿ ಸುತ್ತಿ, ಊಟದ ಚೀಲಕ್ಕೆ ಹಾಕಿಕೊಂಡ. "ಕೆಲಸದಲ್ಲಿ ಕುಡೀತೀನಿ," ಅಂದ.

ಎರಡು ತಿಂಗಳು ಕಳೆಯಿತು. ಅಷ್ಟರಲ್ಲಿ ಕಲೆಯಕ್ಕನ ಮನಸ್ಸಿನ ತೊಟ್ಟಿ ತುಂಬಿತ್ತು. ಒಂದು, ಗಂಡ ಆ ರಸ ಕುಡಿದದ್ದನ್ನು ಅವಳು ಒಮ್ಮೆಯೂ ನೋಡಿಲ್ಲ. ಅವಳೇ ಒಂದು ದಿನ ಚಮಚದಲ್ಲಿ ರುಚಿ ನೋಡಿದ್ದಳು. ನಾಲಿಗೆ ಅರ್ಧ ಗಂಟೆ ಹಸಿರಾಗಿತ್ತು. ಅವನ ಅಂಗಿಯ ಮೇಲೆ ಒಂದು ಹನಿ ಹಸಿರು ಕಲೆಯೂ ಕಂಡಿಲ್ಲ. ಇನ್ನು, ರಸ ತೆಗೆಯುವುದು ಮಂಗಳವಾರ, ಗುರುವಾರ, ಶನಿವಾರ ಮಾತ್ರ. ರಕ್ತಕ್ಕೆ ಒಳ್ಳೆಯದಾದರೆ ಸೋಮವಾರ ರಕ್ತ ಇರುವುದಿಲ್ಲವೇ? ಆ ಮೂರು ದಿನ ಅವನು ಮನೆ ಬಿಡುವುದು ಮುಕ್ಕಾಲು ಗಂಟೆ ಮೊದಲು. ಬಾಟಲಿ ಸಂಜೆ ತೊಳೆದು ಬರುತ್ತಿತ್ತು. ಮನೆಯಲ್ಲಿ ಚಹಾ ಕುಡಿದ ಲೋಟವನ್ನು ಕುರ್ಚಿಯ ಕೆಳಗೆ ಇಡುವ ಮನುಷ್ಯ ಹೊರಗೆ ಬಾಟಲಿ ತೊಳೆಯುತ್ತಾನಂತೆ. ಮುಚ್ಚಳ ತೆಗೆದು ಮೂಸಿದರೆ ಗುಲಾಬಿಯ ವಾಸನೆಯ ಸೋಪು. ಸೋಪಿನ ವಿಷಯದಲ್ಲಿ ಕಲೆಯಕ್ಕನಿಗೆ ಮೋಸ ಮಾಡಲು ಸಾಧ್ಯವಿರಲಿಲ್ಲ. ಲಿಫ್ಟ್ ರಿಪೇರಿಯವರ ಶೆಡ್ಡಿನಲ್ಲಿ ಗುಲಾಬಿ ಸೋಪು ಇರುವುದಿಲ್ಲ.

ಮಗಳಿಗೆ ಫೋನ್ ಮಾಡಿದಳು. "ಅಪ್ಪ ನಿನ್ನ ಹತ್ರ ಏನಾದ್ರೂ ಹೇಳಿದ್ರಾ?"

"ಯಾವ ವಿಷಯ?"

"ವಿಷಯ ಇದೆ ಅಂತಾಯ್ತು."

"ಅಮ್ಮಾ, ನನಗೆ ಕ್ಲಾಸಿದೆ," ಎಂದು ಮಗಳು ಫೋನ್ ಇಟ್ಟಳು. ಆಗ ಸಂಜೆ ಏಳು ಗಂಟೆ.

ಲಾಂಡ್ರಿಯಲ್ಲಿ ಮಡಚುವ ಮೇಜಿನ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, ಬೆಡ್‌ಶೀಟಿನ ಎರಡು ತುದಿ ಸೇರಿಸುತ್ತ ಹೇಳಿದಳು, "ನೋಡು ಕಲೆಯಕ್ಕ, ಗಂಡಸರು ಐವತ್ತರ ಹತ್ರ ಬಂದಾಗ ಒಂದ್ಸಲ ಚಿಗುರುತಾರೆ. ನಮ್ಮೆಜಮಾನ್ರು ಸೈಕಲ್ ತಗೊಂಡ್ರು. ನಿಮ್ಮವರು ಹುಲ್ಲು ಬೆಳೀತಿದಾರೆ. ಯಾರಿಗೆ ಮೇಯಿಸ್ತಿದಾರೆ ಅಂತ ನೋಡ್ಕೋ."

ಅವಳು ನಕ್ಕಳು. ಕಲೆಯಕ್ಕ ನಗಲಿಲ್ಲ. ಆ ದಿನ ಮೂರು ಕಲೆಗಳು ಅವಳ ಕಣ್ಣು ತಪ್ಪಿ ಹೋಗಿ, ಮೇಲ್ವಿಚಾರಕಿ ಬಟ್ಟೆ ತಂದು ಮೇಜಿನ ಮೇಲೆ ಹಾಕಿ ಹೋದಳು.

ಕಲೆಯಕ್ಕ ಹುಟ್ಟಾ ಅನುಮಾನದವಳಲ್ಲ. ಹನ್ನೊಂದು ವರ್ಷದ ಹಿಂದೆ ಈ ದೇಶಕ್ಕೆ ಬಂದಾಗ ಅವಳು ಯಾರು ಏನು ಹೇಳಿದರೂ ತಲೆಯಾಡಿಸುವವಳಾಗಿದ್ದಳು. ಇಲ್ಲಿಗೆ ಕರೆಸಿಕೊಂಡವನು ಅವಳ ಅಣ್ಣ. ಅವನು ನಾಲ್ಕು ವರ್ಷ ಮೊದಲೇ ಬಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ. ಒಂಟಿ ಮನುಷ್ಯ, ಮದುವೆಯಾಗಿರಲಿಲ್ಲ. ತಂಗಿಗೆ ಹೋಟೆಲಿನಲ್ಲಿ ಕೋಣೆ ಗುಡಿಸುವ ಕೆಲಸ ಹಿಡಿದುಕೊಟ್ಟ. ಅವಳ ಕೆಲಸದ ಪರ್ಮಿಟ್ಟಿನ ಮೇಲೆ ಗಂಡನೂ ಏಳು ವರ್ಷದ ಮಗಳೂ ಬಂದರು. ಐದು ತಿಂಗಳಾದ ಮೇಲೆ ಅಣ್ಣ ರಜೆಯ ಮೇಲೆ ಊರಿಗೆ ಹೋದ. ಫೋನ್ ಮಾಡಿದಾಗಲೆಲ್ಲ, "ಅಮ್ಮ ಆರಾಮಾಗಿದಾಳೆ, ಮಲಗಿದಾಳೆ," ಅನ್ನುತ್ತಿದ್ದ. ಒಂದು ದಿನ ಅವನೇ ಫೋನ್ ಮಾಡಿ, ಅಮ್ಮ ನಿದ್ದೆಯಲ್ಲೇ ಹೋಗಿಬಿಟ್ಟಳು ಅಂದ. ವಾರದ ಮೇಲೆ ಪಕ್ಕದ ಮನೆಯ ಟೀಚರ್ ಸಮಾಧಾನ ಹೇಳಲು ಫೋನ್ ಮಾಡಿದಾಗ ಬಾಯಿ ತಪ್ಪಿ, "ಪಾಪ, ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ಒದ್ದಾಡಿದ್ರಲ್ಲ," ಅಂದರು.

ಅಣ್ಣ ಹಿಂತಿರುಗಿ ಬಂದಾಗ ಅವಳು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. "ಅಮ್ಮನೇ ನಿನಗೆ ಹೇಳಬೇಡ ಅಂದಳು," ಎಂದ. "ಸುಳ್ಳು," ಎಂದು ಅವಳು ಬಾಗಿಲು ಹಾಕಿದಳು. ಹನ್ನೊಂದು ವರ್ಷ ಅದೇ ಊರಿನಲ್ಲಿ, ಎರಡು ಬಸ್ಸಿನಾಚೆ ಅವನಿದ್ದ. ಅವನ ಹೆಸರೆತ್ತಬಾರದೆಂದು ಗಂಡನಿಗೂ ಹೇಳಿದ್ದಳು. ಅವನು ಎತ್ತಲಿಲ್ಲ.

ಮುಂದಿನ ಗುರುವಾರ ಅವಳು ಹೊಟ್ಟೆನೋವೆಂದು ಲಾಂಡ್ರಿಗೆ ಫೋನ್ ಮಾಡಿ, ಗಂಡ ಹೊರಟ ಎರಡು ನಿಮಿಷಕ್ಕೆ ತಲೆಗೆ ಬಟ್ಟೆ ಸುತ್ತಿಕೊಂಡು ಕೆಳಗಿಳಿದಳು. ಅವನು ಕೆಲಸದ ಕಡೆ ಹೋಗುವ ಬಸ್ಸು ಬಿಟ್ಟು, ರಸ್ತೆ ದಾಟಿ ಎದುರಿನ ಬಸ್ಸು ಹತ್ತಿದ. ಇವಳು ಹಿಂದಿನ ಬಾಗಿಲಿನಿಂದ ಹತ್ತಿ, ಎತ್ತರದ ಮನುಷ್ಯನೊಬ್ಬನ ಬೆನ್ನ ಹಿಂದೆ ನಿಂತಳು. ಹನ್ನೊಂದು ನಿಲ್ದಾಣ. ಸಿಕ್ಕಿಹಾಕಿಕೊಂಡರೆ ಏನು ಹೇಳುವುದೆಂದು ಯೋಚಿಸಿದಳು. ಆಮೇಲೆ, ಸಿಕ್ಕಿಹಾಕಿಕೊಳ್ಳಬೇಕಾದವನು ಅವನು, ನಾನ್ಯಾಕೆ ಹೆದರಲಿ ಅಂದುಕೊಂಡಳು.

ಅವನು ಇಳಿದು ಒಂದು ಉದ್ದನೆಯ ಕಟ್ಟಡದ ನೆಲಮಹಡಿಗೆ ಹೋದ. ಬಾಗಿಲ ಮೇಲಿನ ಬೋರ್ಡು ಓದಿದಳು. ಡಯಾಲಿಸಿಸ್ ಕೇಂದ್ರ. ರಸ್ತೆಯ ಬದಿಗೆ ಸಾಲಾಗಿ ಕಿಟಕಿಗಳು, ಅರ್ಧಕ್ಕೆ ಇಳಿಸಿದ ಪರದೆ. ಬಗ್ಗಿ ನೋಡಿದರೆ ಒಳಗೆ ಎಂಟು ಒರಗು ಕುರ್ಚಿಗಳು, ಪ್ರತಿಯೊಂದರ ಪಕ್ಕದಲ್ಲೂ ಆಳೆತ್ತರದ ಯಂತ್ರ, ಕೆಂಪು ಹರಿಯುವ ಕೊಳವೆಗಳು. ಗಂಡ ಮೂರನೆಯ ಕುರ್ಚಿಯ ಮುಂದೆ ನಿಂತಿದ್ದ. ಕುರ್ಚಿಯಲ್ಲಿದ್ದವರ ಕಂಬಳಿ ಮತ್ತು ನೀಲಿ ಕಾಲುಚೀಲ ಮಾತ್ರ ಕಾಣುತ್ತಿತ್ತು. ರೋಗಿಷ್ಠ ಹೆಂಗಸು, ಅಂದುಕೊಂಡಳು ಕಲೆಯಕ್ಕ. ಹೀಗೂ ಇರುತ್ತದೆಯೇ? ಗಂಡ ಬಾಟಲಿಯ ಮುಚ್ಚಳ ತೆಗೆದು ಕೊಟ್ಟ. ಕಂಬಳಿಯಿಂದ ಒಂದು ಕೈ ಹೊರಗೆ ಬಂದು ಅದನ್ನು ಹಿಡಿಯಿತು. ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು.

ಆ ಉಗುರು ಸೀಳಿದ್ದು ಅವಳಿಗೆ ಆರು ವರ್ಷವಿದ್ದಾಗ, ಅಣ್ಣನ ಬೆರಳ ಮೇಲೆ ಬಾಗಿಲು ರಪ್ಪನೆ ಹಾಕಿದವಳು ಅವಳೇ.

ಎದುರಿನ ಬೆಂಚಿನ ಮೇಲೆ ಕುಳಿತಳು. ಕಾಲು ಗಂಟೆಯ ಮೇಲೆ ಗಂಡ ಹೊರಗೆ ಬಂದು, ಅವಳನ್ನು ನೋಡಿ, ನಿಂತಲ್ಲೇ ನಿಂತ. ಆಮೇಲೆ ಬಂದು ಪಕ್ಕದಲ್ಲಿ ಕುಳಿತ.

"ಎಷ್ಟು ದಿನದಿಂದ?"

"ಹದಿನಾಲ್ಕು ತಿಂಗಳು. ಎರಡೂ ಕಿಡ್ನಿ ಹೋಗಿದೆ."

ಅಷ್ಟೇ. ಮಾತು ಚಿಕ್ಕದಾಗಿತ್ತು. ಅವಳು ಅದನ್ನು ಗಮನಿಸಿದಳು.

"ಹುಲ್ಲು?"

"ಪಕ್ಕದ ಕುರ್ಚಿಯವರು ಹೇಳಿದ್ರಂತೆ ಒಳ್ಳೇದು ಅಂತ. ಭಾವನ ಮನೇಲಿ ಬಿಸಿಲು ಬರಲ್ಲ, ಹಿಡಿ ತಿರುಗಿಸೋ ಶಕ್ತೀನೂ ಇಲ್ಲ. ನಾನೇ ಮಾಡಿಕೊಡ್ತೀನಿ ಅಂದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಭಾವನೇ ಹೇಳಬೇಡ ಅಂದ್ರು."

ಕಲೆಯಕ್ಕ ಎದ್ದು ನಿಂತಳು. "ಹನ್ನೊಂದು ವರ್ಷದ ಹಿಂದೆ ಅವನೂ ಇದೇ ಮಾತು ಹೇಳಿದ್ದು. ಅಮ್ಮನೇ ಹೇಳಬೇಡ ಅಂದಳು ಅಂತ. ಅವನು ಸತ್ತ ಮೇಲೆ ನೀವು ನನಗೆ ಫೋನ್ ಮಾಡ್ತಿದ್ರಾ, ನಿದ್ದೆಯಲ್ಲೇ ಹೋದ ಅಂತ?"

ಬೇರೆ ಹೆಂಗಸಿನ ವಿಷಯವೇ ಆಗಿದ್ದರೆ ಜಗಳವಾಡಬಹುದಿತ್ತು. ಇದಕ್ಕೆ ಯಾರ ಮೇಲೆ, ಏನೆಂದು ಕಿರುಚುವುದು? ಅವಳು ಒಬ್ಬಳೇ ಬಸ್ಸು ಹತ್ತಿ ಮನೆಗೆ ಹೋದಳು.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಆದರೆ ಮಾತು ನಿಂತಿತ್ತೇ ಹೊರತು ಯೋಚನೆ ನಿಲ್ಲಲಿಲ್ಲ. ಮಗಳ ಕೋಣೆಗೆ ಹೋಗಿ ಟ್ರೇಗಳ ಮುಂದೆ ನಿಂತಳು. ಸಿಟ್ಟು ಒಂದು ಕಡೆ ಇರಲಿ, ಅವಳಿಗೆ ಬೇರೊಂದು ಪ್ರಶ್ನೆ ಕಾಡುತ್ತಿತ್ತು. ಕಿಡ್ನಿ ಹೋದವರು ಅದು ತಿನ್ನಬಾರದು, ಇದು ಕುಡಿಯಬಾರದು ಅನ್ನುತ್ತಾರೆ. ಮೂಸಂಬಿ ಬೇಡ, ಎಳನೀರು ಬೇಡ ಅನ್ನುವುದನ್ನು ಅವಳೂ ಕೇಳಿದ್ದಳು. ಹಾಗಾದರೆ ಈ ಹಸಿರು ರಸ ಬೇಕು ಎಂದವರು ಯಾರು? ಪಕ್ಕದ ಕುರ್ಚಿಯವರು. ಅವರಿಗೆ ಹೇಳಿದವರು?

ಶನಿವಾರ ಐದಕ್ಕೆ ಅವಳೇ ಎದ್ದು ಹುಲ್ಲು ಕತ್ತರಿಸಿದಳು. ಗಂಡ ಬಾಗಿಲಲ್ಲಿ ನಿಂತು ನೋಡಿದ. ಅವಳು ಹಿಡಿ ತಿರುಗಿಸಿ, ಸೋಸಿ, ಬಾಟಲಿ ತುಂಬಿ, "ನಡೀರಿ," ಎಂದಳು.

ಕೇಂದ್ರದ ಬಾಗಿಲ ಪಕ್ಕದ ಸಿಂಕಿನಿಂದ ಗುಲಾಬಿ ಸೋಪಿನ ವಾಸನೆ ಬಂತು. ಅಣ್ಣ ಕಣ್ಣು ಮುಚ್ಚಿ ಒರಗಿದ್ದ. ಕಾರುಗಳ ಮುಂದೆ ಗಾಳಿಪಿಸ್ತೂಲು ಹಿಡಿದು ನಿಂತರೆ ಬಾಗಿಲು ತುಂಬುತ್ತಿದ್ದ ಆಳು, ಈಗ ಕುರ್ಚಿಯ ಅರ್ಧವನ್ನೂ ತುಂಬುತ್ತಿರಲಿಲ್ಲ. ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಣ್ಣು ತೆರೆದು ತಂಗಿಯನ್ನು ನೋಡಿ ಅವನು ಮೊದಲು ಕಂಬಳಿಯನ್ನು ಸೂಜಿ ಚುಚ್ಚಿದ ಕೈಯ ಮೇಲೆ ಎಳೆದುಕೊಂಡ.

"ಮುಚ್ಚೋದು ಬಿಡು, ನೋಡಾಯ್ತು," ಎಂದಳು ಅವಳು. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಅವನು ಬಾಟಲಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಸೀದಾ ನರ್ಸಿನ ಮೇಜಿಗೆ ಹೋಗಿ, ಬಾಟಲಿ ಇಟ್ಟು, ತನಗೆ ಬರುವಷ್ಟು ಇಲ್ಲಿನ ಭಾಷೆಯಲ್ಲಿ ಕೇಳಿದಳು, "ಇದು ಗೋಧಿಹುಲ್ಲಿನ ರಸ. ಮೂರನೇ ಕುರ್ಚಿಯವರು ಎರಡು ತಿಂಗಳಿಂದ ಕುಡೀತಿದಾರೆ. ಕುಡಿಯಬಹುದಾ?"

ನರ್ಸು ಮುಚ್ಚಳ ತೆಗೆದು ನೋಡಿ, ಕಂಪ್ಯೂಟರಿನಲ್ಲಿ ಅಣ್ಣನ ಪುಟ ತೆರೆದಳು. "ಎರಡು ತಿಂಗಳಿಂದ ಅಂದ್ರಾ? ಎರಡು ತಿಂಗಳಿಂದ ಇವರ ಪೊಟ್ಯಾಸಿಯಂ ಏರ್ತಾ ಇದೆ. ಯಾಕೆ ಅಂತ ನಾವು ತಲೆ ಕೆಡಿಸ್ಕೊಂಡಿದೀವಿ. ಹೊಸದಾಗಿ ಏನಾದ್ರೂ ತಿಂತೀರಾ ಅಂದ್ರೆ ಇಲ್ಲ ಅಂತಾರೆ."

ಗಂಡನ ಮುಖ ಬಿಳಿಚಿತು. ಪೊಟ್ಯಾಸಿಯಂ ಏರಿದರೆ ಏನಾಗುತ್ತದೆ ಎಂದು ಅವಳೇ ಕೇಳಿದಳು. ಕಿಡ್ನಿ ಕೆಲಸ ಮಾಡದವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯ ನಿಲ್ಲಿಸಬಹುದು ಎಂದು ನರ್ಸು ಮೆಲ್ಲಗೆ ಹೇಳಿದಳು. "ಈ ರಸವೇ ಕಾರಣ ಅಂತ ನಾನು ಹೇಳಲ್ಲ. ಇಷ್ಟು ಸ್ವಲ್ಪ ರಸಕ್ಕೆ ಅಷ್ಟು ಏರಲಿಕ್ಕಿಲ್ಲ. ಆದ್ರೆ ಗೊತ್ತಿಲ್ಲದ್ದನ್ನ ಕುಡಿಯೋ ಹಾಗಿಲ್ಲ. ನಿಲ್ಲಿಸಿ. ಮತ್ತೆ ಮನೇಲಿ ಇನ್ನೇನಿದೆ ನೋಡಿ."

ಅವಳು ಕುರ್ಚಿಯ ಹತ್ತಿರ ಬಂದಳು. "ಮನೇಲಿ ಇನ್ನೇನು ತಿಂತೀಯ?"

"ಏನಿಲ್ಲ."

"ಏನಿಲ್ಲ ಅಂದ್ರೆ?"

"ಅನ್ನ. ಬ್ರೆಡ್ಡು. ಅವರು ಕೊಟ್ಟ ಪಟ್ಟಿ ಪ್ರಕಾರಾನೇ. ನಂಬು."

ಪಕ್ಕದ ಕುರ್ಚಿಯವರು ಪೇಪರಿನಲ್ಲಿ ಮುಖ ಹುದುಗಿಸಿಕೊಂಡರು. ಕಲೆಯಕ್ಕ ನಂಬಲಿಲ್ಲ. "ಮನೆ ಕೀಲಿ ಕೊಡು," ಎಂದಳು.

ಯಂತ್ರ ನಿಂತು, ಅಣ್ಣನ ತೂಕ ನೋಡಿ, ಸೂಜಿಯ ಜಾಗಕ್ಕೆ ಪಟ್ಟಿ ಸುತ್ತಿ ಬಿಡುವ ಹೊತ್ತಿಗೆ ಹನ್ನೊಂದೂವರೆಯಾಗಿತ್ತು. ಮೂವರೂ ಅವನ ಮನೆಗೆ ಹೋದರು. ಮೂರನೆಯ ಮಹಡಿಯ ಒಂದೇ ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ. ಅಣ್ಣ ಮಂಚದ ಮೇಲೆ ಕುಳಿತು ಗೋಡೆಗೆ ಒರಗಿದ. ಗಂಡ ನೀರು ಕೊಡಲು ಹೋಗಿ, ಎಷ್ಟು ಕೊಡಬಹುದು ಎಂದು ಹೆಂಡತಿಯ ಮುಖ ನೋಡಿದ. ಅವಳು ಅಡುಗೆ ಕಟ್ಟೆಯ ಕಪಾಟು ತೆರೆದು, ಡಬ್ಬಿಗಳನ್ನು ಒಂದೊಂದೇ ಕೆಳಗಿಳಿಸಿ ಬೆಳಕಿಗೆ ಹಿಡಿಯತೊಡಗಿದಳು.

"ಪೊಲೀಸರು ಇನ್ನೂ ಮರ್ಯಾದೆಯಿಂದ ಹುಡುಕ್ತಾರೆ," ಎಂದ ಅಣ್ಣ.

"ಪೊಲೀಸರಿಗೆ ನೀನು ಅಣ್ಣ ಅಲ್ಲ."

ಅಕ್ಕಿ ಸರಿ. ಬ್ರೆಡ್ಡು ಸರಿ. ಖರ್ಜೂರದ ಪೊಟ್ಟಣ ಸಿಕ್ಕಿತು. ಅರ್ಧ ಖಾಲಿ. ಅವಳು ಅದನ್ನು ಎತ್ತಿ ತೋರಿಸಿದಾಗ ಅವನು ಕಿಟಕಿಯ ಕಡೆ ನೋಡಿದ. ಅದು ಬೇರೆ ಇಟ್ಟಳು. ಕೊನೆಗೆ ಒಲೆಯ ಪಕ್ಕ ಉಪ್ಪಿನ ಡಬ್ಬಿ. ಮೇಲೆ ಹೃದಯದ ಚಿತ್ರ, ಸೋಡಿಯಂ ಕಡಿಮೆ ಎಂದು ದಪ್ಪ ಅಕ್ಷರ. ಉಪ್ಪು ಬಿಡಬೇಕೆಂದು ಡಾಕ್ಟರು ಹೇಳಿದ್ದರಂತೆ, ಅದಕ್ಕೆ ಇದನ್ನು ತಂದೆ, ಒಳ್ಳೆಯ ಉಪ್ಪು, ನಾಲಿಗೆಗೆ ಸಪ್ಪೆ ಅನ್ನಿಸುವುದಿಲ್ಲ, ಎಲ್ಲದಕ್ಕೂ ಧಾರಾಳ ಹಾಕುತ್ತೇನೆ ಎಂದು ಅಣ್ಣ ಹೇಳಿದ. ಎಂದಿನಿಂದ ಎಂದು ಕೇಳಿದಳು. ಎರಡು, ಎರಡೂವರೆ ತಿಂಗಳಿರಬಹುದು.

ಅವಳು ಡಬ್ಬಿಯನ್ನು ತಿರುಗಿಸಿ, ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಓದಿದಳು. ಎರಡು ಸಲ ಓದಿದಳು. ಆಮೇಲೆ ಗಂಡನ ಕೈಗೆ ಕೊಟ್ಟು ಬೆರಳಿಟ್ಟು ತೋರಿಸಿದಳು. ಪೊಟ್ಯಾಸಿಯಂ ಕ್ಲೋರೈಡ್. ಡಬ್ಬಿಯಲ್ಲಿದ್ದುದರಲ್ಲಿ ಮುಕ್ಕಾಲು ಪಾಲು ಅದೇ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಬಳಸಬಾರದು ಎಂದೂ ಇತ್ತು, ಎಲ್ಲಕ್ಕಿಂತ ಚಿಕ್ಕ ಅಕ್ಷರದಲ್ಲಿ.

ಗಂಡ ಹಾಗೇ ನೆಲದ ಮೇಲೆ ಕುಳಿತುಬಿಟ್ಟ. "ನಾನೇ ಕೊಂದುಬಿಡ್ತಿದ್ದೆ ಅಂದ್ಕೊಂಡಿದ್ದೆ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಕೇಂದ್ರಕ್ಕೆ ಫೋನ್ ಮಾಡಿ ಹೇಳುತ್ತೇನೆಂದು ಹೊರಗಿನ ಮೆಟ್ಟಿಲಿಗೆ ಹೋದ. ಕೋಣೆಯಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು.

ಅಣ್ಣ ಕೈಗೆ ಸುತ್ತಿದ ಪಟ್ಟಿಯ ಅಂಚು ಒತ್ತಿಕೊಂಡ. ಆಮೇಲೆ ಹೇಳಿದ, "ಅವತ್ತು ನೀನು ಸುಳ್ಳು ಅಂದ್ಯಲ್ಲ. ಸರಿಯಾಗೇ ಅಂದೆ."

ಅವಳು ಡಬ್ಬಿಗಳನ್ನು ಒಳಗಿಡುತ್ತಿದ್ದಳು.

"ಅಮ್ಮ ಹೇಳಬೇಡ ಅನ್ನಲಿಲ್ಲ. ಮೊದಲ ವಾರ ಸುಮ್ಮನಿದ್ದಳು. ಆಮೇಲೆ ದಿನಾ ಕೇಳ್ತಿದ್ದಳು, ಅವಳನ್ನ ಕರೆಸು ಅಂತ. ನೀನು ಇಲ್ಲಿಗೆ ಬಂದು ಆರು ತಿಂಗಳು ತುಂಬಿರಲಿಲ್ಲ. ಮಧ್ಯೆ ಹೋದ್ರೆ ಪರ್ಮಿಟ್ಟು ಹೋಗ್ತಿತ್ತು, ಭಾವಂದೂ, ಮಗೂದೂ ಹೋಗ್ತಿತ್ತು. ಡಾಕ್ಟ್ರು ಬೇರೆ ಶುಕ್ರವಾರ ಮನೆಗೆ ಕಳಿಸ್ತೀವಿ ಅಂದಿದ್ರು. ನಾನೇ ಲೆಕ್ಕ ಹಾಕಿದೆ. ಅವಳು ಬರ್ತಾಳೆ ಅಂತ ಅಮ್ಮನಿಗೂ ಸುಳ್ಳು ಹೇಳಿದೆ, ಆರಾಮಾಗಿದಾಳೆ ಅಂತ ನಿನಗೂ ಸುಳ್ಳು ಹೇಳಿದೆ. ಗುರುವಾರ ಬೆಳಗ್ಗೆ ಹೋಗಿಬಿಟ್ಟಳು."

ಕಲೆಯಕ್ಕ ಕೇಳಿದಳು, "ನಾನು ಬರ್ತೀನಿ ಅಂತ ಕಾಯ್ತಿದ್ದಳಾ?"

"ಹೂಂ."

ಹನ್ನೊಂದು ವರ್ಷ ಅವಳು ಇದೇ ಮಾತನ್ನು ಅವನ ಬಾಯಿಂದ ಹೊರಡಿಸಬೇಕೆಂದಿದ್ದಳು. ತನ್ನ ಅನುಮಾನ ನಿಜವೆಂದು ಗೊತ್ತಾದರೆ ಎದೆಯ ಭಾರ ಇಳಿದೀತು ಅಂದುಕೊಂಡಿದ್ದಳು. ಇಳಿಯಲಿಲ್ಲ. ಆಸ್ಪತ್ರೆಯ ಬಾಗಿಲ ಕಡೆ ಮುಖ ಮಾಡಿ ಮಲಗಿದ ಅಮ್ಮ ಕಣ್ಣ ಮುಂದೆ ಬಂದಳು. ಕಪಾಟಿನ ಬಾಗಿಲನ್ನು ಮುಚ್ಚಿ, ಉಪ್ಪಿನ ಡಬ್ಬಿಯನ್ನೂ ಖರ್ಜೂರವನ್ನೂ ತನ್ನ ಚೀಲಕ್ಕೆ ಹಾಕಿಕೊಂಡು, ಅವನ ಕಡೆ ನೋಡದೆ ಮೆಟ್ಟಿಲಿಳಿದಳು. ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಗಂಡ ಬಂದು ಪಕ್ಕದಲ್ಲಿ ನಿಂತ.

ಮಂಗಳವಾರ ಅವಳು ಹೋಗಲಿಲ್ಲ. ಗಂಡ ಒಬ್ಬನೇ ಹೋಗಿ ಬಂದು, "ಭಾವ ನಿನ್ನ ಕೇಳಿದ್ರು," ಎಂದಷ್ಟೇ ಹೇಳಿದ. ಗುರುವಾರವೂ ಹೋಗಲಿಲ್ಲ. ಮಗಳು ಫೋನ್ ಮಾಡಿ ಅಳುತ್ತ, ಮಾವನೇ ತನ್ನಿಂದ ಆಣೆ ಹಾಕಿಸಿಕೊಂಡಿದ್ದನ್ನು ಹೇಳಿದಳು. "ಇನ್ನು ಮುಂದೆ ಈ ಮನೇಲಿ ಯಾರಾದ್ರೂ ನನ್ನ ಒಳ್ಳೇದಕ್ಕೆ ಅಂತ ಬಾಯಿ ಮುಚ್ಕೊಂಡ್ರೆ, ಬಾಯಿ ಹೊಲಿದುಬಿಡ್ತೀನಿ," ಎಂದಳು ಕಲೆಯಕ್ಕ. ಮಗಳು ಅಳುತ್ತಲೇ ನಕ್ಕಳು.

ಇತ್ತ ಟ್ರೇಗಳಲ್ಲಿ ಹುಲ್ಲು ಬೆಳೆದು ಬಾಗತೊಡಗಿತ್ತು.

"ಇದನ್ನ ಏನು ಮಾಡ್ಲಿ?" ಎಂದು ಗಂಡ ಕೇಳಿದ.

"ರಕ್ತಕ್ಕೆ ಒಳ್ಳೇದಂತಲ್ಲ. ಕುಡೀರಿ. ನನ್ನ ಕಣ್ಣೆದುರಿಗೇ ಕುಡೀರಿ."

ಅವನು ಮೂಗು ಹಿಡಿದು ಕುಡಿದ. ಮುಖ ಹಾಗಲಕಾಯಿಯಾಯಿತು. ಎರಡು ತಿಂಗಳು ಸುಳ್ಳು ಹೇಳಿದ್ದಕ್ಕೆ ಎರಡು ತಿಂಗಳು ಕುಡಿಯಬೇಕೆಂದು ಅವಳು ತೀರ್ಪು ಕೊಟ್ಟಳು. ಅವನು ಒಪ್ಪಿಕೊಂಡ.

ಶನಿವಾರ ಅವಳು ಕೇಂದ್ರಕ್ಕೆ ಹೋದಳು. ಕ್ಷಮಿಸಿದ್ದೇನೆ ಎಂದು ಅನ್ನಿಸಿರಲಿಲ್ಲ. ಮಡಚುವ ಮೇಜಿನ ಹೆಂಗಸು, "ರಕ್ತ ಎಳೆಯುತ್ತೆ ಕಣೇ," ಅಂದಾಗ, "ಅದಕ್ಕೆ ಅಲ್ಲಿ ಮೆಷೀನೇ ಇದೆ," ಎಂದು ಬಾಯಿ ಮುಚ್ಚಿಸಿದ್ದಳು. ಅಣ್ಣನೂ ಕ್ಷಮೆ ಕೇಳಲಿಲ್ಲ. ಅವಳು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ನಂತರ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು, ಅಮ್ಮ ಆ ಇಪ್ಪತ್ತು ದಿನ ಏನೇನು ಮಾತಾಡಿದಳು ಎಂದು. ಅವನು ಮೊದಲ ದಿನದಿಂದ ಶುರು ಮಾಡಿದ. ನಾಲ್ಕು ಗಂಟೆಯ ಡಯಾಲಿಸಿಸ್ ಮುಗಿದಾಗ ಆರನೆಯ ದಿನಕ್ಕೆ ಬಂದಿದ್ದ.

ಮುಂದಿನ ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಇಳಿದಿತ್ತು. ನರ್ಸು ಆ ಉಪ್ಪಿನ ಡಬ್ಬಿಯನ್ನು ಇಸಿದುಕೊಂಡು ಗೋಡೆಯ ಬದಿಯ ಕಪಾಟಿನಲ್ಲಿ, ಹೊಸದಾಗಿ ಬಂದವರಿಗೆ ತೋರಿಸಲೆಂದು ಇಟ್ಟಳು. ಕಲೆಯಕ್ಕ ಶನಿವಾರದ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡು ವಾರಕ್ಕೊಮ್ಮೆ ಹೋಗುತ್ತಾಳೆ. ಅಮ್ಮನ ಇಪ್ಪತ್ತು ದಿನಗಳ ಕಥೆ ಎಂದೋ ಮುಗಿದಿದೆ. ಆದರೂ ಅವಳು ಮತ್ತೆ ಹೇಳಿಸುತ್ತಾಳೆ, ಹೋದ ಸಲ ಹೇಳಿದ್ದಕ್ಕೂ ಈ ಸಲದ್ದಕ್ಕೂ ತಾಳೆಯಾಗುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಾಳೆ. ಕೆಲವು ಸಲ ತಾಳೆಯಾಗುವುದಿಲ್ಲ. ಆಗ ತಡೆದು ಕೇಳುತ್ತಾಳೆ. ಅಣ್ಣ ಸ್ವಲ್ಪ ಯೋಚಿಸಿ, "ಹೌದು, ಅದು ಬುಧವಾರ," ಎಂದು ತಿದ್ದಿಕೊಂಡು ಮುಂದುವರಿಸುತ್ತಾನೆ.